ಆಕ್ಷೇಪಣೆಯವರ ಕೆಂಪು ಕಟ್ಟಡ

ಸಿಟ್ಟು ಬರಲು ಏನಾದರೂ ಕಾರಣ ಇರಲೇಬೇಕು ಎಂದು ನಂಬಿರುವವರು ಆಕ್ಷೇಪಣೆಯವರನ್ನು ನೋಡಿಲ್ಲ. ಅವರಿಗೆ ಕುರ್ಚಿ ಕಿರ್ ಎಂದರೂ ಸಿಟ್ಟು, ಆ ಕುರ್ಚಿಗೆ ಯಾರಾದರೂ ಎಣ್ಣೆ ಬಿಟ್ಟರೂ ಸಿಟ್ಟು. ನನ್ನನ್ನು ಒಂದು ಮಾತು ಕೇಳದೆ ಹೇಗೆ ಬಿಟ್ಟರು ಎಂದು. ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು, ನಿಜ. ಆದರೆ ನಗರ ಸಾರಿಗೆ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಪ್ರತಿ ಮೀಟಿಂಗಿನಲ್ಲೂ ಎದ್ದು ನಿಂತು "ನಂದೊಂದು ಆಕ್ಷೇಪಣೆ ಇದೆ" ಎಂದು ಹೇಳಿ ಹೇಳಿ, ಆ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು.

ಹನ್ನೊಂದು ವರ್ಷದ ಹಿಂದೆ ಅವರ ರಕ್ತದೊತ್ತಡ ನೋಡಿದ ಡಾಕ್ಟರು ಯಂತ್ರ ಕೆಟ್ಟಿದೆಯೆಂದು ತಿಳಿದು ಇನ್ನೊಂದು ಯಂತ್ರ ತರಿಸಿದ್ದರು. ಅದೂ ಅದೇ ಸಂಖ್ಯೆ ತೋರಿಸಿತು. "ನೋಡಿ, ಕೂಗಾಡೋದು ಬಿಟ್ಬಿಡಿ. ಸಿಟ್ಟು ಬಂದಾಗ ಒಂದು ಕಡೆ ಕೂತು ಬರೆದುಬಿಡಿ. ಬರೆದಮೇಲೆ ಮರೆತುಬಿಡಿ" ಎಂದರು. ಆಕ್ಷೇಪಣೆಯವರು ಜೀವನದಲ್ಲಿ ಆಕ್ಷೇಪಣೆ ಇಲ್ಲದೆ ಒಪ್ಪಿಕೊಂಡ ಮಾತು ಇದೊಂದೇ. ಅಂದಿನಿಂದ ಮೀಟಿಂಗಿನಲ್ಲಿ ಆಕ್ಷೇಪಣೆ ಎತ್ತುವುದು ನಿಲ್ಲಲಿಲ್ಲ, ಎತ್ತಿದ್ದನ್ನು ವಿವರಿಸುವುದು ನಿಂತಿತು. "ನಂದೊಂದು ಆಕ್ಷೇಪಣೆ ಇದೆ" ಎಂದು ಹೇಳಿ ದಡಬಡ ತಮ್ಮ ಮೇಜಿಗೆ ಹೋಗಿ ಹತ್ತು ನಿಮಿಷ ಕೀಲಿಮಣೆ ಕುಟ್ಟುತ್ತಿದ್ದರು. ಎದ್ದಾಗ ಮುಖ ತಿಳಿಯಾಗಿರುತ್ತಿತ್ತು; ಸಿಟ್ಟು ಯಾಕೆ ಬಂದಿತ್ತೆಂಬುದೂ ಮರೆತಿರುತ್ತಿತ್ತು. ದೂರದಿಂದ ಸದ್ದು ಕೇಳಿದವರು ಎಂಥ ಕೆಲಸಗಾರರಪ್ಪ ಎಂದುಕೊಳ್ಳುತ್ತಿದ್ದರು.

ಊರಿನ ಬಸ್ಸುಗಳೆಲ್ಲ ಈ ವಿಭಾಗದ ಸಾವಿರದ ನೂರು ಪ್ರೋಗ್ರಾಂಗಳ ಮಾತು ಕೇಳಿಕೊಂಡು ಓಡುತ್ತಿದ್ದವು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಡ್ರೈವರು ಯಾರು, ಪಾಸು ಯಾರಿಗೆ, ಎಲ್ಲಕ್ಕೂ ಒಂದೊಂದು. ಯಾವುದು ಯಾವುದಕ್ಕೆ ತಳಕು ಹಾಕಿಕೊಂಡಿದೆ ಎಂಬುದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಮೂವರಲ್ಲಿ ಇಬ್ಬರು ನಿವೃತ್ತರಾಗಿದ್ದರು, ಮೂರನೆಯವರು ಆಕ್ಷೇಪಣೆಯವರು. ಅವರು ಮೊದಲ ವರ್ಷವೇ ಬರೆದ 'ಮೂಲ' ಎಂಬ ಪ್ರೋಗ್ರಾಂ ಏನು ಮಾಡುತ್ತದೆ ಎಂದು ಕೇಳಿದರೆ "ಅದು ಬೇರು ಕಣ್ರಿ, ಬೇರು. ಮುಟ್ಟಬೇಡಿ" ಎನ್ನುತ್ತಿದ್ದರು. ಯಾರೂ ಮುಟ್ಟುತ್ತಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಅರ್ಧ ಬಸ್ಸುಗಳು ಡಿಪೋದಿಂದ ಹೊರಗೇ ಬರಲಿಲ್ಲ. ಕೆಲಸದ ದಿನ ರಜೆಯ ದಿನದ ವೇಳಾಪಟ್ಟಿ ಓಡಿತ್ತು. ಶಾಲೆಯ ಮಕ್ಕಳು ಖುಷಿಯಾಗಿ ಮನೆಗೆ ವಾಪಸಾದರು, ಉಳಿದವರೆಲ್ಲ ಸಾರಿಗೆ ಸಂಸ್ಥೆಗೆ ಹಿಡಿಶಾಪ ಹಾಕಿದರು. ತಪ್ಪು ಎಲ್ಲಾಯಿತು ಎಂದು ವಿಭಾಗದ ಮ್ಯಾನೇಜರು ಎಲ್ಲರನ್ನೂ ಕೇಳಿದರು, ಎಲ್ಲರೂ ಪಕ್ಕದವರನ್ನು ನೋಡಿದರು. ಕೊನೆಗೆ, ಕಣ್ಣಿಗೆ ಕಾಣದ್ದನ್ನು ಚಿತ್ರ ಮಾಡಿ ತೋರಿಸುವ ಒಬ್ಬ ಹೆಂಗಸನ್ನು ಹೊರಗಿನಿಂದ ಕರೆಸಿದರು. ಆಕೆಗೆ ಆ ದಿನವೇ ನಕ್ಷೆ ಮೇಡಂ ಎಂದು ಹೆಸರಾಯಿತು.

ನಕ್ಷೆ ಮೇಡಂ ಗೋಡೆಯ ಮೇಲೆ ಒಂದು ಪಟ್ಟಣವನ್ನೇ ಮೂಡಿಸಿದರು. "ಒಂದೊಂದು ಪ್ರೋಗ್ರಾಂ ಒಂದೊಂದು ಕಟ್ಟಡ. ಹೆಚ್ಚು ಸಾಲು ಇದ್ದಷ್ಟೂ ಕಟ್ಟಡ ಎತ್ತರ. ಪದೇ ಪದೇ ತಿದ್ದಿದ್ರೆ ಕೆಂಪು. ಒಂದು ಇನ್ನೊಂದನ್ನ ಏನಾದ್ರೂ ಕೇಳಿದ್ರೆ ಮಧ್ಯೆ ರಸ್ತೆ. ಎತ್ತರ ಆಗಿ, ಕೆಂಪಗೂ ಇದ್ರೆ ಅಲ್ಲಿ ಏನೋ ಎಡವಟ್ಟಿದೆ ಅಂತ ಅನುಮಾನ ಪಡಬೇಕು" ಎಂದು ಚೆನ್ನಾಗಿ ಬಿಡಿಸಿ ಹೇಳಿದರು. ಎಲ್ಲರಿಗೂ ತಿಳಿಯಿತು. ಆಕ್ಷೇಪಣೆಯವರಿಗೆ ತಿಳಿಯಲಿಲ್ಲ, ಯಾಕೆಂದರೆ ಅವರು ಆಗ ಅಲ್ಲಿರಲಿಲ್ಲ. ತಮ್ಮ ಕುರ್ಚಿಯನ್ನು ಯಾರೋ ಮೀಟಿಂಗಿಗೆ ಎಳೆದುಕೊಂಡು ಹೋಗಿದ್ದಾರೆಂಬ ಸಿಟ್ಟನ್ನು ಮೇಜಿನ ಮುಂದೆ ನಿಂತುಕೊಂಡೇ ಕುಟ್ಟುತ್ತಿದ್ದರು.

ಅವರು ಒಳಗೆ ಬಂದಾಗ ವಿವರಣೆ ಮುಗಿದು ಚಿತ್ರ ಮಾತ್ರ ಉಳಿದಿತ್ತು. ಬೂದು ಬಣ್ಣದ ನೂರಾರು ಪುಟ್ಟ ಮನೆಗಳ ನಡುವೆ ಒಂದೇ ಒಂದು ಕೆಂಪು ಗೋಪುರ ಚಾವಣಿ ಮುಟ್ಟುವಂತೆ ನಿಂತಿತ್ತು. ಊರಿನ ರಸ್ತೆಗಳೆಲ್ಲ ಅದರ ಬುಡಕ್ಕೇ ಬರುತ್ತಿದ್ದವು.

"ಇದು ಯಾರದ್ದು?"

"ನಿಮ್ಮದೇ ಸಾರ್. 'ಮೂಲ'."

ಆಕ್ಷೇಪಣೆಯವರು ಹಿಗ್ಗಿ ಹೀರೇಕಾಯಿಯಾದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಈ ಸಂಸ್ಥೆ ತನ್ನನ್ನು ಗುರುತಿಸಿದೆ, ಅದೂ ಬಣ್ಣದಲ್ಲಿ! ಸುತ್ತಲಿನವರು ಕನಿಕರದಿಂದ ನೋಡುತ್ತಿದ್ದುದನ್ನು ಅವರು ಹೊಟ್ಟೆಕಿಚ್ಚು ಎಂದು ಓದಿಕೊಂಡರು. ಆ ಚಿತ್ರವನ್ನು ಬಾಗಿಲಿನಷ್ಟು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ, ಸುರುಳಿ ಸುತ್ತಿ, ಬಸ್ಸಿನಲ್ಲಿ ಯಾರಿಗೂ ತಗುಲದಂತೆ ತಲೆಯ ಮೇಲೆ ಎತ್ತಿ ಹಿಡಿದು ಮನೆಗೆ ತಂದರು.

ನಡುಮನೆಯ ಗಡಿಯಾರ ತೆಗೆದು ಆ ಜಾಗದಲ್ಲಿ ಹಾಳೆ ತೂಗುಹಾಕಿದಾಗ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದರು. "ಏನ್ರೀ ಇದು, ಟೈಮ್ ನೋಡೋದು ಹೇಗೆ?"

"ಟೈಮ್ ಬಿಡೇ. ಈ ಕೆಂಪು ಕಟ್ಟಡ ನೋಡು. ಅದು ನಂದು."

"ನಿಮ್ಮದಾ? ನನಗೆ ಒಂದು ಮಾತು ಹೇಳ್ಲಿಲ್ಲ!" ಎಂದ ಹೆಂಡತಿ ಸೌಟು ಕೆಳಗಿಡದೆಯೇ ತಮ್ಮನಿಗೆ ಫೋನು ಮಾಡಿದರು. ಆತ ಮನೆ ಕಟ್ಟುವ ಮೇಸ್ತ್ರಿ. ಆ ಫೋನಿನಲ್ಲಿ ಏನು ಹೋಯಿತು, ಹೇಗೆ ಹೋಯಿತು ಎಂದು ನಾವು ಕೇಳಿಸಿಕೊಂಡಿಲ್ಲ. ಆದರೆ ಆಮೇಲೆ ಆದದ್ದನ್ನು ನೋಡಿದರೆ ವಿವರಗಳು ಸ್ವಲ್ಪ ಉಬ್ಬಿಕೊಂಡೇ ಹೋಗಿರಬೇಕು.

ಮಹಡಿ ಮೇಲಿನ ನಿವೃತ್ತ ಹೆಡ್‌ಮಾಸ್ಟರು ಬೀದಿಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಪೇಪರು ವಾಪಸು ಕೊಡಲು ಬಂದವರು ಗೋಡೆ ನೋಡಿ ಕನ್ನಡಕ ಒರೆಸಿಕೊಂಡರು.

"ಇದೆಲ್ಲ ಯಾವಾಗಿಂದ ನಡೀತಾ ಇದೆ?"

"ಇಪ್ಪತ್ತೆರಡು ವರ್ಷ ಆಯ್ತು ಮೇಷ್ಟ್ರೇ. ದಿನಾ ಅಷ್ಟಷ್ಟು ಏರಿಸ್ತಾನೇ ಇದ್ದೀನಿ."

"ನಮಗ್ಯಾರಿಗೂ ಕಾಣಿಸ್ಲೇ ಇಲ್ಲವಲ್ಲ!"

"ಅದೇ ಇದರ ವಿಶೇಷ. ಕಣ್ಣಿಗೆ ಕಾಣಲ್ಲ. ಈಗ ಹೊರಗೆ ಬಂತು."

"ಯಾರ ಅನುಮತಿ ತಗೊಂಡ್ರಿ?"

ಆಕ್ಷೇಪಣೆಯವರಿಗೆ ನೆತ್ತಿ ಬಿಸಿಯಾಯಿತು. "ನನಗೆ ಯಾರ ಅನುಮತಿ ಬೇಕು ಸ್ವಾಮಿ? ನಾನು ಕಟ್ಟಿದಾಗ ಇವರೆಲ್ಲ ಇನ್ನೂ ಹುಟ್ಟೇ ಇರಲಿಲ್ಲ."

"ಮತ್ತೆ ಸುತ್ತ ಇರೋ ಈ ಚಿಕ್ಕ ಚಿಕ್ಕ ಮನೆಗಳು?"

"ಅವು ಇದ್ರೆಷ್ಟು, ಬಿಟ್ರೆಷ್ಟು? ಎಲ್ಲಾ ನನ್ನ ನೆರಳಲ್ಲೇ ಬದುಕಬೇಕು."

ಹೆಡ್‌ಮಾಸ್ಟರು ಪೇಪರನ್ನು ಕೊಡದೆ ಹಾಗೇ ವಾಪಸು ತೆಗೆದುಕೊಂಡು ಮೆಟ್ಟಿಲು ಹತ್ತಿದರು. ಶುಕ್ರವಾರದೊಳಗೆ ಆ ಬೀದಿಯಲ್ಲಿ ಆಕ್ಷೇಪಣೆಯವರಿಗೆ ನಮಸ್ಕಾರ ಹೇಳುವವರು ಇಲ್ಲವಾದರು. ಬಿಸಿಲೇ ಬೀಳದ ಹಾಗೆ ಗೋಪುರ ಎಬ್ಬಿಸುತ್ತಿದ್ದಾರೆ, ನಮ್ಮ ಮನೆಗಳಿಗೆ ಬೆಲೆಯಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಾರೆ ಎಂದು ನಲವತ್ತು ಸಹಿಗಳ ಅರ್ಜಿ ನಗರಸಭೆಗೆ ಹೋಯಿತು. ಎದುರು ಮನೆಯವರು ಬಟ್ಟೆ ಒಣಗಿಸುವ ಹಗ್ಗವನ್ನು ಇರುವ ಬಿಸಿಲಿಗೇ ಹತ್ತಿರ ಸರಿಸಿ ಕಟ್ಟಿಕೊಂಡರು.

ಶನಿವಾರ ಬೆಳಿಗ್ಗೆ ಭಾವಮೈದ ಅಳತೆ ಟೇಪು ಹಿಡಿದು ಬಂದ. ಬಂದವನೇ ಗೋಡೆಯ ಚಿತ್ರ ನೋಡಿ ಕಣ್ಣಲ್ಲಿ ನೀರು ತಂದುಕೊಂಡ.

"ಭಾವ, ನಾನು ಸತ್ತುಹೋಗಿದ್ನಾ? ಇಷ್ಟು ದೊಡ್ಡ ಕೆಲಸ ಹೊರಗಿನವರಿಗೆ ಕೊಟ್ರಾ?"

"ಯಾರಿಗೂ ಕೊಟ್ಟಿಲ್ಲ ಮಾರಾಯ. ಇದು ಕಂಪ್ಯೂಟರಲ್ಲಿರೋದು. ಒಬ್ಬನೇ ಕೂತು ಮಾಡಿದ್ದು."

"ಒಬ್ಬರೇ? ಒಂದು ಮೊಳೆ ಹೊಡೆಯೋಕೆ ಬರಲ್ಲ ನಿಮಗೆ!"

ಭಾವನ ಸಿಟ್ಟು ನೆತ್ತಿಗೇರುವಷ್ಟರಲ್ಲಿ ಬಾಗಿಲಲ್ಲಿ ನಗರಸಭೆಯ ಇನ್‌ಸ್ಪೆಕ್ಟರು ಕಾಣಿಸಿಕೊಂಡರು. ಕಂಕುಳಲ್ಲಿ ಕಡತ, ಹಿಂದೆ ಹೆಡ್‌ಮಾಸ್ಟರು.

"ಈ ಕಟ್ಟಡ ಎಲ್ಲಿದೆ?"

"ಎಲ್ಲೂ ಇಲ್ಲ ಸಾರ್! ಅದು ಪ್ರೋಗ್ರಾಂ. ಕಂಪ್ಯೂಟರ್ ಒಳಗಿರೋದು."

"ಈಗ ಎಲ್ಲರೂ ಪ್ಲಾನು ಕಂಪ್ಯೂಟರಲ್ಲೇ ಮಾಡೋದು. ಅದನ್ನ ನನಗೆ ಹೇಳ್ಬೇಡಿ."

"ಅಯ್ಯೋ, ನೆಲದ ಮೇಲೆ ಇಲ್ಲ ಅಂತೀನಿ! ಆದ್ರೆ ಇದೆ!"

ಇನ್‌ಸ್ಪೆಕ್ಟರು ಮೊದಲ ಬಾರಿಗೆ ಗೌರವದಿಂದ ನೋಡಿದರು. "ಕಡತದಲ್ಲಿ ಇದ್ದು ನೆಲದ ಮೇಲೆ ಇಲ್ಲದ ಕಟ್ಟಡಗಳನ್ನ ನನ್ನ ಸರ್ವಿಸಿನಲ್ಲಿ ಬೇಕಾದಷ್ಟು ನೋಡಿದ್ದೀನಿ. ಅವು ಇನ್ನೂ ದೊಡ್ಡ ಕೇಸು" ಎಂದು ಹಾಳೆಯ ಮೂಲೆಯಲ್ಲಿದ್ದ ಸಾರಿಗೆ ಸಂಸ್ಥೆಯ ಮುದ್ರೆಯನ್ನು ಬೆರಳಿನಿಂದ ತಟ್ಟಿ, "ಓಹೋ, ಸರ್ಕಾರಿ ಜಾಗ" ಎಂದು ಬರೆದುಕೊಂಡರು. ಆಕ್ಷೇಪಣೆಯವರಿಗೆ ಕೂಗುವ ಹಾಗಿಲ್ಲ. ಬರೆಯೋಣವೆಂದರೆ ಆಫೀಸಿಗೆ ರಜೆ. ಎರಡು ದಿನ ಸಿಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಕಳೆದು, ಸೋಮವಾರ ಬಾಗಿಲು ತೆರೆಯುವ ಮುಂಚೆಯೇ ಹೋಗಿ ಮುಕ್ಕಾಲು ಗಂಟೆ ಕುಟ್ಟಿದರು.

ಕುಟ್ಟಿ ಮುಗಿಸಿ ಹಗುರಾಗಿ ಕೂತವರನ್ನು ಮ್ಯಾನೇಜರು ಒಳಗೆ ಕರೆದರು.

"ನೋಡಿ ಸಾರ್, ಬೇಜಾರು ಮಾಡ್ಕೋಬೇಡಿ. ಆ ಕೆಂಪು ಕಟ್ಟಡವನ್ನ ಕೆಡವಿಬಿಡೋದು ಅಂತ ತೀರ್ಮಾನಿಸಿದ್ದೀವಿ."

"ಕೆಡವೋದಾ? ಊರಿಗೆಲ್ಲ ಎತ್ತರ ಅದು!"

"ಅದೇ ತೊಂದ್ರೆ. ಅಷ್ಟು ಎತ್ತರ, ಅಷ್ಟು ಕೆಂಪು ಅಂದ್ರೆ ಕಾಯಿಲೆ ಅಂತ ಅರ್ಥ. ಆ ಸೋಮವಾರದ ರಾದ್ಧಾಂತಕ್ಕೂ ಅದೇ ಕಾರಣ ಇರಬೇಕು. ಹೊಸದಾಗಿ ಬರೆಸ್ತೀವಿ. ನಿಮಗೆ ಇನ್ನು ಮೂರು ವರ್ಷ ಸರ್ವಿಸ್ ಇದೆಯಲ್ಲ? ಕಳೆದುಹೋದ ವಸ್ತುಗಳ ಕೌಂಟರಲ್ಲಿ ಆರಾಮಾಗಿ ಇರಿ. ಬಸ್ಸಲ್ಲಿ ಬಿಟ್ಟುಹೋದ ಛತ್ರಿಗಳು, ಟಿಫಿನ್ ಡಬ್ಬಿಗಳು. ಬುಧವಾರ ಹನ್ನೊಂದು ಗಂಟೆಗೆ ಮೀಟಿಂಗು."

ಇಪ್ಪತ್ತೆರಡು ವರ್ಷ ಊರಿನ ಬಸ್ಸುಗಳನ್ನು ಓಡಿಸಿದ ಮನುಷ್ಯ ಇನ್ನು ಛತ್ರಿ ಎಣಿಸಬೇಕು! ಈ ಬಾರಿ ಅವರಿಗೆ ಸಿಟ್ಟಿನ ಜೊತೆಗೆ ದುಃಖವೂ ಆಯಿತು, ಕೀಲಿಮಣೆಯ ಕಡೆ ಕೈಯೇ ಹೋಗಲಿಲ್ಲ. ಮನೆಗೆ ಬಂದು ಡಾಕ್ಟರ ಮಾತನ್ನು ಗಾಳಿಗೆ ತೂರಿ ಕೂಗಿದರು: "ಕೆಡವ್ತಾರಂತೆ ಕಣೇ! ನನ್ನ ಕಟ್ಟಡ ಕೆಡವ್ತಾರಂತೆ! ಬುಧವಾರ ಹನ್ನೊಂದು ಗಂಟೆಗೆ!"

ಮಹಡಿಯ ಮೇಲೆ ಹೆಡ್‌ಮಾಸ್ಟರು ತಮ್ಮ ಅರ್ಜಿಗೆ ಇಷ್ಟು ಬೇಗ ಫಲ ಸಿಕ್ಕಿದ್ದಕ್ಕೆ ಕೈ ಕೈ ಉಜ್ಜಿಕೊಂಡರು. ಅವರಿಂದ ಸುದ್ದಿ ತಿಳಿದ ಇನ್‌ಸ್ಪೆಕ್ಟರಿಗೆ ಮಾತ್ರ ಉರಿದುಹೋಯಿತು. ತನಗೆ ನೋಟೀಸಿಲ್ಲದೆ ಈ ಊರಲ್ಲಿ ಯಾರಾದರೂ ಏನನ್ನಾದರೂ ಕೆಡವುವುದುಂಟೆ? ಭಾವಮೈದನ ಫೋನು ಅರ್ಧ ಗಂಟೆಯಲ್ಲಿ ಬಂತು. "ಭಾವ, ಕಟ್ಟೋದಂತೂ ಕೊಡ್ಲಿಲ್ಲ. ಕೆಡವೋದಾದ್ರೂ ನನಗೇ ಕೊಡಿಸಿ."

ಬುಧವಾರ ಹನ್ನೊಂದಕ್ಕೆ ಮೀಟಿಂಗು ಕೋಣೆಯಲ್ಲಿ ಮ್ಯಾನೇಜರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇನ್‌ಸ್ಪೆಕ್ಟರು ಒಳಗೆ ನುಗ್ಗಿದರು. ಅವರ ಹಿಂದೆ ಕಣ್ಣಾರೆ ನೋಡಲು ಬಂದ ಹೆಡ್‌ಮಾಸ್ಟರು, ಅವರ ಹಿಂದೆ ಟೇಪು ಹಿಡಿದ ಭಾವಮೈದ, ಕಟ್ಟಕಡೆಗೆ ಗಂಡ ಮರೆತು ಬಂದ ಬಿ.ಪಿ. ಮಾತ್ರೆ ಹಿಡಿದುಕೊಂಡ ಹೆಂಡತಿ. ಮ್ಯಾನೇಜರು ಇಂಗು ತಿಂದ ಮಂಗನಂತೆ ನೋಡಿದರು.

"ಯಾರು ನೀವೆಲ್ಲ?"

"ಕೆಡವೋ ವಿಚಾರಕ್ಕೆ ಬಂದಿದ್ದೀವಿ" ಎಂದರು ಇನ್‌ಸ್ಪೆಕ್ಟರು. ಗೋಡೆಯ ಮೇಲೆ ಆಗಲೇ ಪಟ್ಟಣ ಮೂಡಿ ನಿಂತಿತ್ತು. "ಇದೇ ತಾನೆ? ಒಳಗೆ ಯಾರಾದ್ರೂ ವಾಸ ಇದ್ದಾರಾ ಅಂತ ನೋಡಿದ್ರಾ?"

"ವಾಸ? ಇದು ಪ್ರೋಗ್ರಾಂ ರೀ!"

"ಏನಾದ್ರೂ ಇರಲಿ. ಒಳಗೆ ಹೊಕ್ಕು ಅಂತಸ್ತು ಅಂತಸ್ತು ಪರಿಶೀಲನೆ ಮಾಡದೆ ಕೆಡವೋ ಹಾಗಿಲ್ಲ. ನಿಯಮ ನಿಯಮಾನೇ."

ನಕ್ಷೆ ಮೇಡಂ ತಟ್ಟನೆ ತಲೆಯೆತ್ತಿದರು. "ಇವರು ಹೇಳೋದು ಸರಿ ಸಾರ್. ನಾನೂ ಮೂರು ದಿನದಿಂದ ಅದನ್ನೇ ಹೇಳ್ತಿದ್ದೀನಿ. ಚಿತ್ರ ನೋಡಿ ಅನುಮಾನ ಪಡಬಹುದೇ ಹೊರತು ತೀರ್ಪು ಕೊಡೋಕಾಗಲ್ಲ. ಒಳಗೆ ನೋಡೋಣ" ಎಂದು ಕೆಂಪು ಕಟ್ಟಡದ ಮೇಲೆ ಬೆರಳಿಟ್ಟರು.

ಆ ಕ್ಷಣದಲ್ಲಿ ಆಕ್ಷೇಪಣೆಯವರಿಗೆ ಜ್ಞಾನೋದಯವಾಯಿತು. ತಾವು ಹನ್ನೊಂದು ವರ್ಷದಿಂದ ಕುಟ್ಟುತ್ತಿದ್ದುದು ಎಲ್ಲಿ ಎಂಬುದು ಜ್ಞಾಪಕಕ್ಕೆ ಬಂತು.

"ನಂದೊಂದು ಆಕ್ಷೇಪಣೆ ಇದೆ!"

ಇಪ್ಪತ್ತೆರಡು ವರ್ಷದ ರೂಢಿಯಂತೆ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರೋಗ್ರಾಂ ಬರೆಯುವವರಿಗೆ ಒಂದು ಸವಲತ್ತಿದೆ. ಸಾಲಿನ ಮುಂದೆ ಎರಡು ಓರೆಗೀಟು ಎಳೆದರೆ ಆ ಸಾಲಿನಲ್ಲಿ ಏನು ಬೇಕಾದರೂ ಟಿಪ್ಪಣಿ ಬರೆದುಕೊಳ್ಳಬಹುದು, ಯಂತ್ರ ಅದನ್ನು ಓದುವುದಿಲ್ಲ. ಯಂತ್ರ ಓದದ್ದನ್ನು ಮನುಷ್ಯರೂ ಓದುವುದಿಲ್ಲ ಎಂದು ಆಕ್ಷೇಪಣೆಯವರು ನಂಬಿದ್ದರು. ನಕ್ಷೆ ಬರೆಯುವ ಯಂತ್ರ ಅದನ್ನೂ ಸಾಲೆಂದು ಎಣಿಸುತ್ತದೆ ಎಂದು ಅವರಿಗೆ ಯಾರು ಹೇಳಬೇಕಿತ್ತು?

"ಮೊದಲ ನಲವತ್ತು ಸಾಲು ಪ್ರೋಗ್ರಾಂ" ಎಂದರು ನಕ್ಷೆ ಮೇಡಂ. "ಎಷ್ಟು ಚೊಕ್ಕವಾಗಿದೆ! ಮಾಡೋದು ಒಂದೇ ಕೆಲಸ. ಇವತ್ತು ರಜೆಯಾ, ಅಲ್ವಾ ಅಂತ ಪಟ್ಟಿ ನೋಡಿ ಹೇಳೋದು. ಸಾವಿರದ ನೂರು ಪ್ರೋಗ್ರಾಂಗಳೂ ಬೆಳಗಾದ್ರೆ ಬಂದು ಇದನ್ನೇ ಕೇಳ್ತವೆ."

"ನಮ್ಮ ಸಿಬ್ಬಂದೀನೂ ಅಷ್ಟೇ" ಎಂದು ಯಾರೋ ಹಿಂದಿನಿಂದ ಹೇಳಿದರು.

"ಮತ್ತೆ ಉಳಿದ ಹನ್ನೆರಡು ಸಾವಿರ ಸಾಲು?" ಮ್ಯಾನೇಜರು ಕೇಳಿದರು.

ನಕ್ಷೆ ಮೇಡಂ ನಲವತ್ತೊಂದನೆಯ ಸಾಲಿಗೆ ಇಳಿದು, ಓದಬೇಕೋ ಬೇಡವೋ ಎಂದು ಒಂದು ಗಳಿಗೆ ತಡೆದು, ಓದಿದರು. "'ನನ್ನ ಕುರ್ಚಿಗೆ ನನ್ನನ್ನು ಕೇಳದೆ ಎಣ್ಣೆ ಬಿಟ್ಟಿದ್ದಾರೆ. ಇದು ಪ್ರಜಾಪ್ರಭುತ್ವವೇ?'"

ಕೋಣೆಯಲ್ಲಿ ನಗು ಹಬ್ಬಿತು. ಭಾವಮೈದ ಹೊಟ್ಟೆ ಹಿಡಿದುಕೊಂಡ. ಅವನ ನಗು ಮುಂದಿನ ಸಾಲಿನವರೆಗೆ ಬದುಕಿತ್ತು. "'ಭಾವಮೈದ ಕಟ್ಟಿದ ಬಚ್ಚಲಲ್ಲಿ ನೀರು ಬಾಗಿಲ ಕಡೆಗೇ ಹರಿಯುತ್ತದೆ. ಕೇಳಿದರೆ ನೀರಿನ ಸ್ವಭಾವ ಎನ್ನುತ್ತಾನೆ.'" ಹೆಡ್‌ಮಾಸ್ಟರು ಅವನ ಬೆನ್ನು ತಟ್ಟಿ ನಕ್ಕರು. "'ಮೇಷ್ಟರು ನನ್ನ ಪೇಪರನ್ನು ನನಗಿಂತ ಮುಂಚೆ ಓದಿ, ಪದಬಂಧವನ್ನೂ ತುಂಬಿಸಿ ಕೊಡುತ್ತಾರೆ. ಅದೂ ತಪ್ಪು ತಪ್ಪಾಗಿ.'" ಹೆಡ್‌ಮಾಸ್ಟರು ಕೈ ಹಿಂದೆ ತೆಗೆದುಕೊಂಡರು. ಇನ್‌ಸ್ಪೆಕ್ಟರು ತಾನು ಹೊರಗಿನವನೆಂಬ ಧೈರ್ಯದಲ್ಲಿ ಗಹಗಹಿಸಿ, "ಮೇಲಿನ ಅಂತಸ್ತು ತೋರಿಸಿ" ಎಂದರು. ಮೇಲಿನ ಅಂತಸ್ತು ಸೋಮವಾರದ್ದು. "'ನಗರಸಭೆಯಿಂದ ಒಬ್ಬ ಬಂದಿದ್ದ. ಇರುವ ಕಟ್ಟಡ ಅವನಿಗೆ ಕಾಣುವುದಿಲ್ಲ, ಇಲ್ಲದ್ದು ಕಾಣುತ್ತದೆ.'"

ಮ್ಯಾನೇಜರು ಮೇಜು ಗುದ್ದಿದರು. "ಸಾಕು! ಸಂಸ್ಥೆಯ ಪ್ರೋಗ್ರಾಂನಲ್ಲಿ ಬಚ್ಚಲು, ಪದಬಂಧ! ಬಸ್ಸು ನಿಂತ ಕಾರಣ ಇದೇ!"

"ಅಲ್ಲ ಸಾರ್" ಎಂದರು ನಕ್ಷೆ ಮೇಡಂ. "ಟಿಪ್ಪಣಿ ಯಂತ್ರಕ್ಕೆ ಲೆಕ್ಕಕ್ಕಿಲ್ಲ. ನಕ್ಷೆ ನೋಡಿ. ಎಲ್ಲಾ ರಸ್ತೆಗಳೂ ಇಲ್ಲಿಗೆ ಕೇಳೋಕೆ ಬರ್ತವೆ. ಪಾಸ್ ಕೌಂಟರಿನ ರಸ್ತೆ ಒಂದೇ ಹೇಳೋಕೆ ಬಂದಿರೋದು. ಏನು ಹೇಳಿದೆ ಅಂತ ಆ ಸೋಮವಾರಕ್ಕೆ ಮುಂಚಿನ ಸಾಲು ನೋಡ್ತೀನಿ." ಹುಡುಕಿದರು, ಸಿಕ್ಕಿತು, ಅವರ ದನಿ ನಿಧಾನವಾಯಿತು. "'ಶುಕ್ರವಾರ. ಸೋಮವಾರ ಪಾಸ್ ಕೌಂಟರಿಗೆ ಬಣ್ಣ ಹೊಡೆಸಲು ಮ್ಯಾನೇಜರು ರಜೆ ಕೊಟ್ಟು, ಅದನ್ನು ತಂದು ನನ್ನ ಪಟ್ಟಿಯಲ್ಲಿ ತುರುಕಿಸಿದ್ದಾರೆ. ಕೌಂಟರ್ ಒಂದಕ್ಕೇ ರಜೆ ಎಂದು ನನ್ನ ಪ್ರೋಗ್ರಾಂಗೆ ಹೇಗೆ ಗೊತ್ತಾಗಬೇಕು? ಇಡೀ ಊರಿಗೇ ರಜೆ ಎಂದು ಹೇಳುತ್ತದೆ. ಬಸ್ಸು ನಿಲ್ಲುತ್ತವೆ. ಮೀಟಿಂಗಿನಲ್ಲಿ ಎದ್ದು ಆಕ್ಷೇಪಣೆ ಇದೆ ಎಂದೆ. ಕೂತ್ಕೊಳ್ಳಿ ಎಂದರು. ಕೂತಿದ್ದೇನೆ.'"

ಎಲ್ಲರೂ ಮ್ಯಾನೇಜರನ್ನು ನೋಡಿದರು. ಮ್ಯಾನೇಜರು ಚಾವಣಿಯ ಫ್ಯಾನು ನೋಡಿದರು.

"ಹಾಗಾದ್ರೆ ಬಾಯಿಬಿಟ್ಟು ಹೇಳ್ಬಾರದಿತ್ತಾ?" ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

"ಡಾಕ್ಟರು ಕೂಗಬೇಡಿ ಅಂದಿದ್ರು" ಎಂದರು ಆಕ್ಷೇಪಣೆಯವರು. "ಬರೆದಮೇಲೆ ಮರೀಬೇಕು ಅಂತಲೂ ಅಂದಿದ್ರು. ಮರೆತೆ."

ಹೆಂಡತಿ ಮಾತ್ರೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟು ಮುಂದೆ ಬಂದರು. "ಮೇಡಂ, ನನ್ನ ಬಗ್ಗೆ ಏನು ಬರೆದಿದ್ದಾರೆ ಹುಡುಕಿ ಸ್ವಲ್ಪ." ಛತ್ರಿ ಕೌಂಟರು ಈಗ ಆಕ್ಷೇಪಣೆಯವರಿಗೆ ಸ್ವರ್ಗದಂತೆ ಕಂಡಿತು.

ಹನ್ನೆರಡು ಸಾವಿರ ಸಾಲಿನಲ್ಲಿ ಸಿಕ್ಕಿದ್ದು ಒಂದೇ ಸಾಲು. ಒಂಬತ್ತು ವರ್ಷದ ಹಿಂದಿನದು. "'ಹೆಂಡತಿ ತಮ್ಮನ ಮನೆಗೆ ಹೋಗಿ ನಾಲ್ಕು ದಿನ. ಮನೆಯಲ್ಲಿ ಎಲ್ಲ ಇಟ್ಟಲ್ಲೇ ಇದೆ. ಸಿಟ್ಟು ಬರುತ್ತಿಲ್ಲ. ಯಾವಾಗ ಬರುತ್ತಾಳೋ.'"

ಹೆಂಡತಿ ಮಾತ್ರೆ ಬಿಡಿಸಿ, ನೀರಿನ ಲೋಟದ ಜೊತೆ ಗಂಡನ ಕೈಗೆ ಕೊಟ್ಟು, ನುಂಗುವ ತನಕ ಪಕ್ಕದಲ್ಲೇ ನಿಂತರು. "ಗಡಿಯಾರ ಮಾತ್ರ ಇವತ್ತೇ ವಾಪಸ್ ಗೋಡೆಗೆ ಹಾಕ್ಬೇಕು" ಎಂದರು.

ಛತ್ರಿಗಳ ಮಾತು ಅಲ್ಲಿಗೇ ಬಿತ್ತು. ಪಾಸ್ ಕೌಂಟರಿನ ರಜೆಗೆ ಬೇರೆ ಪಟ್ಟಿಯಾಯಿತು. ಇನ್‌ಸ್ಪೆಕ್ಟರು ಕಡತದಲ್ಲಿ "ಕಟ್ಟಡ ಇಲ್ಲ, ನಿವಾಸಿಗಳು ಬಹಳ" ಎಂದು ಬರೆದು ಮುಗಿಸಿದರು. ನಕ್ಷೆ ಮೇಡಂ ಟಿಪ್ಪಣಿಗಳನ್ನೆಲ್ಲ 'ಇತರೆ' ಎಂಬ ಬೇರೆ ಕಡತಕ್ಕೆ ಸಾಗಿಸಿ ಹೊಸದಾಗಿ ನಕ್ಷೆ ಮೂಡಿಸಿದಾಗ, ಗೋಪುರವಿದ್ದ ಜಾಗದಲ್ಲಿ ಕಾವಲುಗಾರನ ಗೂಡಿನಷ್ಟು ಚಿಕ್ಕದೊಂದು ಬಿಳಿ ಮನೆ ಕಂಡಿತು. ಊರಿನ ರಸ್ತೆಗಳೆಲ್ಲ ಆಗಲೂ ಅದರ ಬಾಗಿಲಿಗೇ ಬರುತ್ತಿದ್ದವು. ಆಕ್ಷೇಪಣೆಯವರು ಅದನ್ನು ಬಹಳ ಹೊತ್ತು ನೋಡಿ, "ಇಷ್ಟೇನಾ?" ಎಂದರು. ನಾಲ್ಕು ಜನ ಕೇಳುವಂತೆ ಮತ್ತೊಮ್ಮೆ "ಇಷ್ಟೇನಾ?" ಎಂದರು.

ಮುಂದಿನ ತಿಂಗಳು ನಕ್ಷೆಯ ಅಂಚಿನಲ್ಲಿ 'ಇತರೆ' ಮತ್ತಷ್ಟು ಎತ್ತರವಾಗಿ, ಕೆಂಪಗೆ, ಒಂದೂ ರಸ್ತೆಯಿಲ್ಲದೆ ನಿಂತಿತ್ತು. ಅದನ್ನು ಎಲ್ಲರೂ ನಿರೀಕ್ಷಿಸಿದ್ದರು. ಅದರ ಪಕ್ಕದಲ್ಲಿ ಇನ್ನೊಂದು ಕೆಂಪು ಕಟ್ಟಡ ಎದ್ದಿದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಒಂದೇ ತಿಂಗಳಿಗೆ ಅದು 'ಇತರೆ'ಯ ಹೆಗಲು ಮುಟ್ಟಿತ್ತು. ನಕ್ಷೆ ಮೇಡಂ ಬೆರಳಿಟ್ಟು ಮೊದಲ ಸಾಲು ತೆರೆದರು: "'ಆಕ್ಷೇಪಣೆಯವರು ಇವತ್ತೂ ಮೀಟಿಂಗಿನಲ್ಲಿ ಎದ್ದು ನಿಂತರು. ನಾನು ಇಲ್ಲಿ ಮ್ಯಾನೇಜರೋ, ಅವರೋ?'"

ಆಕ್ಷೇಪಣೆಯವರು ಎರಡು ಕಟ್ಟಡಗಳ ಎತ್ತರವನ್ನು ಕಣ್ಣಲ್ಲೇ ಅಳೆದರು. ಮುಖ ಕೆಂಪಾಯಿತು. ಎದ್ದು ನಿಂತು "ನಂದೊಂದು ಆಕ್ಷೇಪಣೆ ಇದೆ" ಎಂದು ಹೇಳಿ, ದಡಬಡ ತಮ್ಮ ಮೇಜಿನ ಕಡೆಗೆ ನಡೆದರು. ಈ ಬಾರಿ ಮ್ಯಾನೇಜರೂ ಎದ್ದು ತಮ್ಮ ಕೋಣೆಯತ್ತ ಓಡಿದರು.